ಜೇನು ಉಳಿದ ಕಡೆ ಮಾತೂ ಉಳಿಯಿತು: ಕೀನ್ಯಾದ ಯಾಕು ಭಾಷೆಯ ಕಥೆ

ಅಳಿವಿನ ಅಂಚಿನಲ್ಲಿರುವ ಭಾಷೆಗಳ ಬಗ್ಗೆ ಯುನೆಸ್ಕೊ 2010ರಲ್ಲಿ ಒಂದು ಅಟ್ಲಾಸ್ ಹೊರತಂದಿತು. ಅದರಲ್ಲಿ ಕೀನ್ಯಾದ ಯಾಕು ಭಾಷೆಯ ಹೆಸರು ‘ಅಳಿದುಹೋಗಿದೆ’ ಅನ್ನುವ ಪಟ್ಟಿಯಲ್ಲಿತ್ತು. ಆದರೆ ಆ ಹೊತ್ತಿಗೂ ಯಾಕು ಮಾತಾಡಬಲ್ಲ ಕೆಲವು ಹಿರಿಯರು ಬದುಕಿದ್ದರು. ಅವರ ಊರಿನ ಜನ ಅದಕ್ಕೂ ಕೆಲವು ವರ್ಷ ಮೊದಲೇ ಭಾಷೆಯನ್ನು ಮತ್ತೆ ಎತ್ತಿ ನಿಲ್ಲಿಸೋಕೆ ಓಡಾಟ ಶುರು ಮಾಡಿದ್ದರು.

ಭಾಷೆ ಸಾಯುವುದು ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರುವುದು ‘ಕೊನೆಯ ಭಾಷಿಕ’. ಒಬ್ಬ ಮುದುಕ ಅಥವಾ ಮುದುಕಿ ತೀರಿಕೊಂಡರು, ಅಲ್ಲಿಗೆ ಭಾಷೆ ಮುಗಿಯಿತು ಅಂತ ಸುದ್ದಿ ಬರುತ್ತೆ. ಯಾಕು ಭಾಷೆಯ ಕಥೆ ಓದಿದರೆ ಈ ಲೆಕ್ಕ ಎಷ್ಟು ತಪ್ಪು ಅಂತ ಗೊತ್ತಾಗುತ್ತೆ. ಆ ಭಾಷೆಗೆ ಪೆಟ್ಟು ಬಿದ್ದದ್ದು ಈಗಲ್ಲ, ಸುಮಾರು ನೂರು ವರ್ಷದ ಹಿಂದೆ. ಪೆಟ್ಟು ಬಿದ್ದದ್ದು ನಾಲಿಗೆಗಲ್ಲ, ಬದುಕುವ ದಾರಿಗೆ. ಮದುವೆ ಹೇಗೆ ಆಗಬೇಕು, ಹೆಣ್ಣಿಗೆ ತೆರ ಏನು ಕೊಡಬೇಕು, ಯಾರ ಮುಂದೆ ಯಾರು ತಲೆ ಎತ್ತಿ ನಡೆಯಬಹುದು ಅನ್ನುವ ವಿಚಾರಗಳು ಬದಲಾದವು, ಅದರ ಹಿಂದೆಯೇ ಭಾಷೆಯೂ ಹೋಯಿತು.

ಮೊದಲು ಜಾಗ ಯಾವುದು ಅಂತ ನೋಡೋಣ. ಮೌಂಟ್ ಕೀನ್ಯಾ ಪರ್ವತದ ಉತ್ತರಕ್ಕೆ ಲೈಕಿಪಿಯಾ ಕೌಂಟಿ ಇದೆ. ಅಲ್ಲಿ ದೋಲ್‌ದೋಲ್ ಅನ್ನುವ ಪುಟ್ಟ ಪೇಟೆ, ಅದರ ಆಚೆಗೆ ಮುಕೊಗೊಡೊ ಕಾಡು. ಸುಮಾರು 30,000 ಹೆಕ್ಟೇರಿನ ಒಣ ಕಾಡು, ಸೀಡರ್ ಮತ್ತು ಕಾಡು ಆಲಿವ್ ಮರಗಳು ಜಾಸ್ತಿ, ನಡುನಡುವೆ ಬಂಡೆಗುಡ್ಡಗಳು, ಆ ಬಂಡೆಗಳಲ್ಲಿ ಗುಹೆಗಳು. ಯಾಕು ಜನ ಇದ್ದದ್ದು ಇಲ್ಲಿಯೇ. ಅವರನ್ನು ಮುಕೊಗೊಡೊ ಅಂತಲೂ ಕರೆಯುತ್ತಾರೆ. ಇವತ್ತು ಅವರ ಸಂಖ್ಯೆ ಕೆಲವೇ ಸಾವಿರ. ಮನೆಯಲ್ಲಿ ಆಡುವ ಮಾತು ಮಾ, ಅಂದರೆ ದನ ಸಾಕುವ ಮಸಾಯಿ ಜನರ ಭಾಷೆ.

ಯಾಕು ಇರುವುದು ಕುಶಿಟಿಕ್ ಅನ್ನುವ ಭಾಷಾಗುಂಪಿನಲ್ಲಿ. ಬೈಬಲಿನಲ್ಲಿ ಬರುವ ಕುಶ್ ಅನ್ನುವವನ ಹೆಸರನ್ನೇ ಈ ಗುಂಪಿಗೆ ಇಟ್ಟಿದ್ದಾರೆ. ಇದರ ಭಾಷೆಗಳು ಹಬ್ಬಿರುವುದು ಆಫ್ರಿಕಾದ ಪೂರ್ವ ಮೂಲೆಯಲ್ಲಿ: ಸುಡಾನಿನ ಕೆಂಪು ಸಮುದ್ರದ ಬದಿಯ ಬೆಜಾ, ಇಥಿಯೋಪಿಯಾದ ಒರೊಮೊ, ಅಫಾರ್, ಸಿದಾಮ, ಸೊಮಾಲಿಯಾದ ಸೊಮಾಲಿ, ತೆಂಕಣದಲ್ಲಿ ತಾಂಜಾನಿಯಾದ ಇರಾಕ್ವ್. ಅರಬ್ಬಿ, ಹೀಬ್ರೂ, ಹಳೆಯ ಈಜಿಪ್ಟಿನ ಭಾಷೆ, ಇವೆಲ್ಲ ದೂರದ ನೆಂಟರು, ಯಾಕೆಂದರೆ ಎಲ್ಲವೂ ಆಫ್ರೊ-ಏಷ್ಯಾಟಿಕ್ ಅನ್ನುವ ದೊಡ್ಡ ಕುಟುಂಬಕ್ಕೆ ಸೇರಿದವು.

ಹಾಗಾದರೆ ಕುಶಿಟಿಕ್ ಭಾಷೆಗಳೆಲ್ಲ ಅಪಾಯದಲ್ಲಿವೆಯಾ? ಇಲ್ಲ. ಒರೊಮೊ ಮಾತಾಡುವವರು ಮೂರು ಕೋಟಿಗೂ ಹೆಚ್ಚು. ಸೊಮಾಲಿ ಒಂದು ದೇಶದ ಆಡಳಿತ ಭಾಷೆ, 1972ರಿಂದ ಲ್ಯಾಟಿನ್ ಅಕ್ಷರದಲ್ಲಿ ಬರೆಯುತ್ತಿದ್ದಾರೆ. ಅಪಾಯ ಇರುವುದು ತುದಿಗಳಲ್ಲಿ, ಕೀನ್ಯಾ ಮತ್ತು ತಾಂಜಾನಿಯಾದಲ್ಲಿ ದೊಡ್ಡ ದೊಡ್ಡ ಸಮುದಾಯಗಳ ನಡುವೆ ಚೂರುಚೂರಾಗಿ ಉಳಿದುಕೊಂಡ ಸಣ್ಣ ಗುಂಪುಗಳಲ್ಲಿ. ತಾಂಜಾನಿಯಾದ ಆಸಾಖ್ ಭಾಷೆಯ ಕೊನೆಯ ಭಾಷಿಕರು 1976ರಲ್ಲಿ ತೀರಿಕೊಂಡರು. ತುರ್ಕಾನ ಸರೋವರದ ದಡದಲ್ಲಿ ಮೀನು ಹಿಡಿಯುವ ಎಲ್ಮೊಲೊ ಜನ ಸಾಂಬುರು ಭಾಷೆಗೆ ಬದಲಾದರು. ಯಾಕು ಕೂಡ ಇದೇ ಸಾಲಿನದು. ಇಥಿಯೋಪಿಯಾದ ನೈಋತ್ಯ ಭಾಗದ ದುಲ್ಲಯ್ ಅನ್ನುವ ಸಣ್ಣ ಗುಂಪಿನ ಭಾಷೆಗಳಿಗೆ ಯಾಕು ಹತ್ತಿರ ಅಂತ ಕೆಲವು ವಿದ್ವಾಂಸರು ವಾದಿಸಿದ್ದಾರೆ. ಆ ಜಾಗಕ್ಕೂ ಮುಕೊಗೊಡೊ ಕಾಡಿಗೂ ನೂರಾರು ಕಿಲೋಮೀಟರ್ ದೂರ. ಅಂದರೆ ಎಷ್ಟೋ ಕಾಲದ ಹಿಂದೆ ಉತ್ತರದಿಂದ ಇಳಿದು ಬಂದ ಜನರ ಮಾತು ಈ ಕಾಡಿನಲ್ಲಿ ಒಂಟಿಯಾಗಿ ಉಳಿದುಕೊಂಡಿತ್ತು.

ಈಗ ಆ ಜನರ ಹಳೆಯ ಬದುಕಿಗೆ ಬರೋಣ. 20ನೇ ಶತಮಾನದ ಶುರುವಿನ ತನಕ ಯಾಕುಗಳು ದನ ಸಾಕುತ್ತಿರಲಿಲ್ಲ. ಬೇಟೆಯಾಡುತ್ತಿದ್ದರು, ಗೆಡ್ಡೆ ಹಣ್ಣು ಕೂಡಿಸುತ್ತಿದ್ದರು, ಬಂಡೆಗಳ ಸಂದಿಯಲ್ಲಿ ಸಿಗುವ ಹೈರಾಕ್ಸ್ ಅನ್ನುವ ಮೊಲದಷ್ಟು ದೊಡ್ಡ ಪ್ರಾಣಿಯನ್ನು ಹಿಡಿದು ತಿನ್ನುತ್ತಿದ್ದರು, ಗುಹೆಗಳಲ್ಲಿ ವಾಸ ಮಾಡುತ್ತಿದ್ದರು. ಇದೆಲ್ಲದರ ನಡುವೆ ಅವರ ಬದುಕಿನ ಕೇಂದ್ರ ಅಂತ ಹೇಳಬಹುದಾದದ್ದು ಜೇನು. ಮರದ ದಿಮ್ಮಿಯನ್ನು ಕೊರೆದು ಟೊಳ್ಳು ಮಾಡಿ, ಅದನ್ನು ಮರದ ಮೇಲೆ ಕಟ್ಟಿ ಇಡುತ್ತಿದ್ದರು. ಹುಳ ಬಂದು ಸೇರಿದ ಮೇಲೆ ಹೊಗೆ ಹಾಕಿ ಜೇನು ಇಳಿಸುತ್ತಿದ್ದರು. ಊಟಕ್ಕೆ ಜೇನು, ಅದರಿಂದ ಮಾಡಿದ ಹೆಂಡ, ನೆರೆಯವರ ಜೊತೆ ವ್ಯಾಪಾರಕ್ಕೂ ಜೇನೇ. ಮದುವೆಗೂ ಜೇನೇ. ಗಂಡಿನ ಕಡೆಯವರು ಹೆಣ್ಣಿನ ಅಪ್ಪನಿಗೆ ತೆರ ಕೊಡಬೇಕಿತ್ತು, ಆ ತೆರ ಜೇನುಗೂಡುಗಳ ಲೆಕ್ಕದಲ್ಲಿ ಇರುತ್ತಿತ್ತು.

ಇಂಥ ಬದುಕಿನಲ್ಲಿ ಜೇನಿನ ಮಾತು ಎಷ್ಟು ಬೆಳೆದಿರಬಹುದು ಯೋಚಿಸಿ. ದಿಮ್ಮಿ ಕೊರೆಯುವ ಕೆಲಸಕ್ಕೆ, ಗೂಡಿನ ಭಾಗಗಳಿಗೆ, ಯಾವ ಮರದ ಹೂವಿನಿಂದ ಯಾವ ಜೇನು ಅನ್ನುವುದಕ್ಕೆ, ಪ್ರತಿಯೊಂದಕ್ಕೂ ಮಾತು ಬೇಕು. ಕಾಡಿನ ತಿಳಿವಳಿಕೆ ಸುಮ್ನೆ ಬರುವಂಥದ್ದಲ್ಲ. ಉತ್ತರ ಕೀನ್ಯಾದ ಇನ್ನೊಂದು ಕುಶಿಟಿಕ್ ಭಾಷೆಯ ಜನ ಬೊರಾನರು, ಒರೊಮೊ ಆಡುವವರು. ಅವರು ಹನಿಗೈಡ್ ಅನ್ನುವ ಹಕ್ಕಿಯ ಹಿಂದೆ ಹೋಗಿ ಜೇನು ಹುಡುಕುತ್ತಾರೆ. ಹಕ್ಕಿ ಕೂಗುತ್ತಾ ಮುಂದೆ ಮುಂದೆ ಹಾರುತ್ತೆ, ಮನುಷ್ಯ ಶಿಳ್ಳೆ ಹಾಕುತ್ತಾ ಹಿಂದೆ ಹೋಗುತ್ತಾನೆ. ಗೂಡು ಎಷ್ಟು ದೂರ, ಯಾವ ದಿಕ್ಕು ಅನ್ನುವುದನ್ನು ಹಕ್ಕಿಯ ಹಾರಾಟ ಮತ್ತು ಕೂಗಿನಿಂದ ತಿಳಿಯುತ್ತೇವೆ ಅಂತ ಅವರು ಹೇಳಿದ್ದನ್ನು ಇಬ್ಬರು ವಿಜ್ಞಾನಿಗಳು ಪರೀಕ್ಷೆ ಮಾಡಿ 1989ರಲ್ಲಿ ಪ್ರಕಟಿಸಿದರು. ಬೊರಾನರು ಹೇಳಿದ್ದು ನಿಜವಾಗಿತ್ತು. ಹಕ್ಕಿ ಇಲ್ಲದೆ ಒಂದು ಗೂಡು ಸಿಗಲು ಸರಾಸರಿ 8.9 ಗಂಟೆ ಬೇಕಾದರೆ ಹಕ್ಕಿಯ ಜೊತೆ 3.2 ಗಂಟೆ ಸಾಕಿತ್ತು. ಇಷ್ಟು ಸೂಕ್ಷ್ಮವಾದ ತಿಳಿವಳಿಕೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವುದು ಮಾತಿನ ಮೂಲಕ ತಾನೇ.

ಹಾಗಿದ್ದರೆ ಇದೆಲ್ಲ ಮುರಿದದ್ದು ಹೇಗೆ? ಇದನ್ನು ಬಿಡಿಸಿ ಹೇಳಿದವರು ಅಮೆರಿಕದ ಮಾನವಶಾಸ್ತ್ರಜ್ಞ ಲೀ ಕ್ರಾಂಕ್. 1980ರ ದಶಕದಿಂದ ಅವರು ಮುಕೊಗೊಡೊ ಜನರ ನಡುವೆ ಇದ್ದು ಅಧ್ಯಯನ ಮಾಡಿದರು. ಹಿರಿಯರನ್ನು ಕೂರಿಸಿಕೊಂಡು ಯಾರ ಮದುವೆ ಯಾರ ಜೊತೆ ಆಯಿತು, ತೆರ ಏನು ಕೊಟ್ಟರು, ಗುಹೆ ಬಿಟ್ಟು ಹಟ್ಟಿಗೆ ಯಾವಾಗ ಬಂದರು ಅಂತ ಕೇಳಿ ಕೇಳಿ ಬರೆದುಕೊಂಡರು. ಅವರ ಲೆಕ್ಕದ ಪ್ರಕಾರ ದೊಡ್ಡ ಬದಲಾವಣೆ ನಡೆದದ್ದು 1920ರ ದಶಕದ ಮಧ್ಯದಿಂದ 1930ರ ದಶಕದ ಮಧ್ಯದವರೆಗೆ. ಹತ್ತು ಹನ್ನೆರಡು ವರ್ಷ ಅಷ್ಟೇ.

ಅದಕ್ಕೆ ಮೊದಲಿನ ಹಿನ್ನೆಲೆ ಸ್ವಲ್ಪ ಹೇಳಬೇಕು. ಲೈಕಿಪಿಯಾ ಬಯಲು ಮಸಾಯಿಗಳದ್ದಾಗಿತ್ತು. ಬ್ರಿಟಿಷರು ಬಂದು ಬಿಳಿಯರಿಗೆ ದೊಡ್ಡ ದೊಡ್ಡ ಎಸ್ಟೇಟು ಮಾಡಿಕೊಡಲು ಹೊರಟರು. 1904ರಲ್ಲಿ ಒಂದು ಒಪ್ಪಂದ ಮಾಡಿಸಿ ರಿಫ್ಟ್ ಕಣಿವೆಯಿಂದ ಮಸಾಯಿಗಳನ್ನು ಎಬ್ಬಿಸಿ ಒಂದಷ್ಟು ಜನರನ್ನು ಲೈಕಿಪಿಯಾಕ್ಕೆ ಕಳಿಸಿದರು. ಅದು ನಿಮಗೇ ಅಂತ ಮಾತು ಕೊಟ್ಟಿದ್ದರು. 1911ರಲ್ಲಿ ಇನ್ನೊಂದು ಒಪ್ಪಂದ ಮಾಡಿಸಿ ಲೈಕಿಪಿಯಾದಿಂದಲೂ ಎಬ್ಬಿಸಿ ದಕ್ಷಿಣಕ್ಕೆ ಅಟ್ಟಿದರು. ಕೊಟ್ಟ ಮಾತು ಏಳೇ ವರ್ಷಕ್ಕೆ ಮುಗಿಯಿತು. ಈ ಗದ್ದಲದಲ್ಲಿ ಮಾ ಭಾಷೆ ಆಡುವ ಕೆಲವು ಸಣ್ಣ ಗುಂಪುಗಳು, ಮುಮೊನ್ಯೊತ್, ದಿಗಿರ್ರಿ, ಇಲ್‌ಙ್ವೇಸಿ ಮುಂತಾದವರು, ಹಿಂದೆ ಉಳಿದರು. ಬ್ರಿಟಿಷರು ಇವರನ್ನೂ ಯಾಕುಗಳನ್ನೂ ಒಟ್ಟಿಗೆ ‘ಡೊರೊಬೊ’ ಅಂತ ಬರೆದುಕೊಂಡು ಮುಕೊಗೊಡೊ ಸುತ್ತಮುತ್ತಲಿನ ಮೀಸಲು ಜಾಗಕ್ಕೆ ತಂದು ಸೇರಿಸಿದರು.

ಡೊರೊಬೊ ಅನ್ನುವುದು ಮಸಾಯಿಗಳು ದನ ಇಲ್ಲದ ಬಡವರನ್ನು ಕರೆಯುತ್ತಿದ್ದ ಹೆಸರು. ಮಸಾಯಿಗಳ ಕಣ್ಣಲ್ಲಿ ದನ ಇದ್ದವನೇ ಮನುಷ್ಯ, ಕಾಡುಪ್ರಾಣಿ ತಿನ್ನುವವನು ಕೀಳು. ಯಾಕುಗಳು ಕಾಡಿನೊಳಗೆ ತಮ್ಮ ಪಾಡಿಗೆ ಇದ್ದಷ್ಟು ದಿನ ಈ ಮಾತು ಅವರನ್ನು ಅಷ್ಟಾಗಿ ತಟ್ಟಲಿಲ್ಲ. ಈಗ ದನ ಇದ್ದ ಜನ ಪಕ್ಕದಲ್ಲೇ ಬಂದು ಕೂತರು. ಅವರ ಗಂಡುಗಳು ಯಾಕು ಹುಡುಗಿಯರನ್ನು ಕೇಳೋಕೆ ಬಂದರು. ಬರುವಾಗ ತೆರಕ್ಕೆ ದನ, ಆಡು, ಕುರಿ ಹೊಡೆದುಕೊಂಡು ಬಂದರು.

ಈಗ ಯಾಕು ಅಪ್ಪನ ಜಾಗದಲ್ಲಿ ನಿಂತು ನೋಡಿ. ಒಂದು ಕಡೆ ನಿಮ್ಮದೇ ಜನರ ಹುಡುಗ, ಅವನು ಕೊಡುವುದು ಕೆಲವು ಜೇನುಗೂಡು. ಇನ್ನೊಂದು ಕಡೆ ಮಾ ಆಡುವ ಹುಡುಗ, ಅವನು ಕೊಡುವುದು ಹಾಲು ಕೊಡುವ, ಮರಿ ಹಾಕುವ, ನಾಳೆ ನಿಮ್ಮ ಮಗನ ಮದುವೆಗೂ ಆಗುವ ಹಸುಗಳು. ಯಾರಿಗೆ ಕೊಡುತ್ತೀರಿ? ಒಬ್ಬ ಅಪ್ಪ ದನ ತೆಗೆದುಕೊಂಡ ಮೇಲೆ ಇನ್ನೊಬ್ಬನೂ ದನವನ್ನೇ ಕೇಳುತ್ತಾನೆ. ಸ್ವಲ್ಪ ದಿನಕ್ಕೆ ಯಾಕು ಹುಡುಗನಿಗೆ ತನ್ನ ಕುಲದ ಹುಡುಗಿ ಬೇಕಾದರೂ ಜೇನುಗೂಡು ತೋರಿಸಿದರೆ ಯಾರೂ ಒಪ್ಪುವುದಿಲ್ಲ ಅನ್ನುವ ಹಾಗಾಯಿತು.

ಅವನಿಗೆ ದನ ಎಲ್ಲಿಂದ ಬರಬೇಕು? ಅಕ್ಕತಂಗಿಯರ ಮದುವೆಯಿಂದ ಬಂದರೆ ಉಂಟು. ಇಲ್ಲದಿದ್ದರೆ ದನ ಇದ್ದವರ ಬಳಿ ದುಡಿಯಬೇಕು, ಇಲ್ಲವೇ ವ್ಯಾಪಾರ ಮಾಡಿ ಕೂಡಿಹಾಕಬೇಕು. ಕೆಲವರ ಮದುವೆ ತುಂಬಾ ತಡವಾಯಿತು, ಕೆಲವರಿಗೆ ಆಗಲೇ ಇಲ್ಲ. ದನ ಸಿಕ್ಕವನು ಅದನ್ನು ಗುಹೆಯಲ್ಲಿ ಕಟ್ಟಿಕೊಂಡು ಇರೋಕಾಗಲ್ಲ. ಹುಲ್ಲು ಇರುವ ಬಯಲಿಗೆ ಬರಬೇಕು, ಮುಳ್ಳುಬೇಲಿ ಹಾಕಿ ಹಟ್ಟಿ ಕಟ್ಟಬೇಕು, ರೋಗ ಬಂದರೆ ಯಾವ ಸೊಪ್ಪು ಅಂತ ಪಕ್ಕದ ಮಸಾಯಿಯನ್ನು ಕೇಳಬೇಕು. ಕೇಳಬೇಕಾದರೆ ಅವನ ಮಾತು ಬರಬೇಕು. ಅವನಿಗೆ ಮಾ ಆಡುವ ಮನೆಯ ಹೆಣ್ಣು ಹೆಂಡತಿಯಾಗಿ ಬಂದರೆ ಮನೆಯೊಳಗಿನ ಮಾತೂ ಮಾ ಆಯಿತು. ಮಗು ಅಮ್ಮನ ಮಾತನ್ನೇ ಮೊದಲು ಕಲಿಯುವುದು, ಅಲ್ವಾ.

ನನಗೆ ಈ ವಿಚಾರದಲ್ಲಿ ಅತಿ ಮುಖ್ಯ ಅನಿಸುವುದು ಇದು: ಇಲ್ಲಿ ಯಾರೂ ‘ನಮ್ಮ ಭಾಷೆ ಬೇಡ’ ಅಂತ ಮೊದಲಿಗೆ ತೀರ್ಮಾನ ಮಾಡಲಿಲ್ಲ. ಮಗಳಿಗೆ ಒಳ್ಳೆಯ ತೆರ ಬರಲಿ, ಮಗನಿಗೆ ಮದುವೆ ಆಗಲಿ, ನಾಲ್ಕು ಜನರ ನಡುವೆ ಮರ್ಯಾದೆ ಸಿಗಲಿ ಅಂತ ಪ್ರತಿ ಮನೆಯವರೂ ತಮ್ಮ ತಮ್ಮ ಮಟ್ಟಿಗೆ ಸರಿಯಾದದ್ದನ್ನೇ ಮಾಡಿದರು. ಅದೆಲ್ಲ ಸೇರಿ ಒಂದು ಭಾಷೆ ಹೋಯಿತು. ಹೀಗಾಗಿ ಅವರನ್ನು ಭಾಷಾಭಿಮಾನ ಇಲ್ಲದವರು ಅಂತ ದೂರುವುದು ತೀರಾ ಅನ್ಯಾಯ. ಅವರನ್ನು ಅಲ್ಲಿಗೆ ತಂದು ನಿಲ್ಲಿಸಿದ್ದು ಬೇರೆಯವರ ಜಮೀನಿನ ಆಸೆ.

ತೀರ್ಮಾನ ಬಂದದ್ದು ಆಮೇಲೆ. ಭಾಷಾಶಾಸ್ತ್ರಜ್ಞರು ದಾಖಲಿಸಿರುವ ಪ್ರಕಾರ 1930ರ ದಶಕದಲ್ಲಿ ಯಾಕುಗಳು ಒಂದು ಬಹಿರಂಗ ಸಭೆ ಸೇರಿ, ಇನ್ನು ಮಕ್ಕಳಿಗೆ ಯಾಕು ಕಲಿಸುವುದು ಬೇಡ, ಮಾ ಆಡೋಣ ಅಂತ ಒಪ್ಪಿಕೊಂಡರು. ದನ ಸಾಕುವವರಿಗೆ ಈ ಬೇಟೆಗಾರರ ಮಾತು ಸಾಲದು ಅನ್ನುವುದು ಅವರು ಕೊಟ್ಟ ಕಾರಣ. ಜಗತ್ತಿನಲ್ಲಿ ಭಾಷೆಗಳು ಸಾಮಾನ್ಯವಾಗಿ ಯಾರೂ ಗಮನಿಸದೆ ಸೋರಿಹೋಗುತ್ತವೆ. ಹೀಗೆ ಊರು ಸೇರಿ ಮಾತಾಡಿ ಬಿಟ್ಟದ್ದು ಬಹಳ ಅಪರೂಪ.

ಅವರು ಕೊಟ್ಟ ಕಾರಣದಲ್ಲಿ ಅರ್ಧ ನಿಜ ಇದೆ. ಮಾ ಭಾಷೆಯಲ್ಲಿ ದನದ ಬಣ್ಣ, ಮಚ್ಚೆ, ಕೊಂಬು, ವಯಸ್ಸಿನ ಬಗ್ಗೆ ಇರುವಷ್ಟು ಮಾತು ಯಾಕು ಭಾಷೆಯಲ್ಲಿ ಇರಲಿಲ್ಲ, ಇರಬೇಕಾದ ಕಾರಣವೂ ಇರಲಿಲ್ಲ. ಆದರೆ ಯಾವ ಭಾಷೆಯೂ ಹೊಸ ಮಾತನ್ನು ಸಾಲ ತೆಗೆದುಕೊಂಡು ಬೆಳೆಯಬಲ್ಲದು. ಯಾಕು ಕೂಡ ದನದ ಮಾತನ್ನಷ್ಟೇ ಮಾದಿಂದ ತಂದುಕೊಂಡು ಉಳಿದದ್ದನ್ನು ಹಾಗೇ ಇಟ್ಟುಕೊಳ್ಳಬಹುದಿತ್ತು. ಹಾಗೆ ಆಗದಿರಲು ಕಾರಣ ಶಬ್ದಗಳ ಕೊರತೆ ಅಲ್ಲ, ಅವಮಾನ. ಯಾಕು ಆಡಿದರೆ ಡೊರೊಬೊ ಅಂತ ಗುರುತು ಹಿಡಿಯುತ್ತಾರೆ. ಆ ಗುರುತು ಅಳಿಸಬೇಕಿತ್ತು.

ಗುರುತು ಅಳಿಯಿತಾ ಅಂದರೆ ಅದೂ ಇಲ್ಲ. ಭಾಷೆ ಬಿಟ್ಟರು, ದನ ಸಾಕಿದರು, ಮಸಾಯಿ ಬಟ್ಟೆ ಉಟ್ಟರು. ಆದರೂ ನೆರೆಯವರ ಕಣ್ಣಲ್ಲಿ ಅವರು ಬಡ ಮಸಾಯಿಗಳಾಗಿಯೇ ಉಳಿದರು. ಇದರ ಪರಿಣಾಮ ಎಷ್ಟು ಆಳಕ್ಕೆ ಹೋಗಿತ್ತು ಅನ್ನುವುದಕ್ಕೆ ಕ್ರಾಂಕ್ ಅವರ ಇನ್ನೊಂದು ಲೆಕ್ಕ ಇದೆ. 1986ರಲ್ಲಿ ಅವರು ಎಣಿಸಿದಾಗ ನಾಲ್ಕು ವರ್ಷದೊಳಗಿನ ಮುಕೊಗೊಡೊ ಮಕ್ಕಳಲ್ಲಿ 98 ಹುಡುಗಿಯರು, 66 ಹುಡುಗರು ಇದ್ದರು. ನಮ್ಮ ದೇಶದ ಲೆಕ್ಕಕ್ಕೆ ಪೂರ್ತಿ ಉಲ್ಟಾ. ಕಾರಣ ಮತ್ತೆ ಮದುವೆಯೇ. ಮಗಳಾದರೆ ಅನುಕೂಲಸ್ಥ ನೆರೆಯವರ ಮನೆಗೆ ಹೋಗುತ್ತಾಳೆ, ತೆರ ತರುತ್ತಾಳೆ. ಮಗನಾದರೆ ಅವನಿಗೆ ಹೆಣ್ಣು ಸಿಗುವುದೇ ಕಷ್ಟ. ಕೇಳಿದರೆ ತಾಯಂದಿರು ಗಂಡುಮಗು ಇಷ್ಟ ಅಂತಲೇ ಹೇಳುತ್ತಿದ್ದರು. ಆದರೆ ಆಸ್ಪತ್ರೆಗೆ ಕರೆದುಕೊಂಡು ಬರುತ್ತಿದ್ದದ್ದು ಹೆಣ್ಣುಮಕ್ಕಳನ್ನೇ ಜಾಸ್ತಿ. ಭಾಷೆ ಬದಲಾಯಿಸಿ ಐವತ್ತು ವರ್ಷ ಆದ ಮೇಲಿನ ಕಥೆ ಇದು.

ಇನ್ನು ಮನೆಯೊಳಗೆ ಭಾಷೆ ಹೇಗೆ ಕರಗುತ್ತೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಪುನರುಜ್ಜೀವನ ಎಷ್ಟು ಸಾಧ್ಯ ಅನ್ನುವುದು ಇದರ ಮೇಲೇ ನಿಂತಿದೆ. ಮೊದಲ ತಲೆಮಾರಿಗೆ ಯಾಕು ಚೆನ್ನಾಗಿ ಬರುತ್ತೆ, ಮಾ ಅಷ್ಟಕ್ಕಷ್ಟೆ. ಎರಡನೆಯದಕ್ಕೆ ಎರಡೂ ಬರುತ್ತೆ, ಆದರೆ ಯಾಕು ಆಡುವುದು ದೊಡ್ಡವರ ಜೊತೆ ಮಾತ್ರ. ಮೂರನೆಯದಕ್ಕೆ ಅಜ್ಜ ಅಜ್ಜಿ ಹೇಳಿದ್ದು ಅರ್ಥವಾಗುತ್ತೆ, ಉತ್ತರ ಕೊಡುವುದು ಮಾದಲ್ಲಿ. ಇಂಥವರನ್ನು ಅರೆಭಾಷಿಕರು ಅನ್ನಬಹುದು. ಅವರಿಗೆ ಗಿಡಗಳ ಹೆಸರು ಗೊತ್ತು, ಬೈಗುಳ ಗೊತ್ತು, ಒಂದು ಹಾಡು ಗೊತ್ತು. ಆದರೆ ಕ್ರಿಯಾಪದವನ್ನು ಕಾಲಕ್ಕೆ, ಲಿಂಗಕ್ಕೆ ತಕ್ಕ ಹಾಗೆ ತಿರುಗಿಸಿ ಒಂದು ಹೊಸ ವಾಕ್ಯ ಕಟ್ಟೋಕೆ ಬರಲ್ಲ. ನಾಲ್ಕನೆಯದಕ್ಕೆ ಬರೀ ಹೆಸರು ಉಳಿಯುತ್ತೆ. ಮೊದಲು ಹೋಗುವುದು ವ್ಯಾಕರಣ, ಕೊನೆಗೆ ಹೋಗುವುದು ಶಬ್ದ.

ಹೊರಗಿನ ವಿದ್ವಾಂಸರು ಯಾಕು ಭಾಷೆಯ ಕಡೆ ನೋಡುವಾಗಲೇ ಅದು ಎರಡನೇ ಮೂರನೇ ಹಂತದಲ್ಲಿತ್ತು. ಆಫ್ರಿಕಾದ ಭಾಷೆಗಳನ್ನು ವರ್ಗೀಕರಿಸಿದ ಜೋಸೆಫ್ ಗ್ರೀನ್‌ಬರ್ಗ್ 1963ರಲ್ಲಿ ಒಂದು ಚಿಕ್ಕ ಲೇಖನ ಬರೆದು, ಈ ಮರೆತುಹೋದ ಜನ ಕುಶಿಟಿಕ್ ಭಾಷೆಯವರು ಅಂತ ತೋರಿಸಿದರು. ಜರ್ಮನಿಯ ಬೆರ್ನ್ಡ್ ಹೈನೆ 1970ರ ದಶಕದಲ್ಲಿ ಭಾಷೆಯ ರಚನೆ ಮತ್ತು ಶಬ್ದಗಳ ಬಗ್ಗೆ ಟಿಪ್ಪಣಿಗಳನ್ನು ಪ್ರಕಟಿಸಿದರು. ಇವತ್ತಿಗೂ ಯಾಕು ವ್ಯಾಕರಣ ತಿಳಿಯಬೇಕಾದರೆ ಆ ಟಿಪ್ಪಣಿಗಳೇ ದೊಡ್ಡ ಆಧಾರ. ಆಮೇಲೆ ಬಂದವರು ಮಥಿಯಾಸ್ ಬ್ರೆಂಜಿಂಗರ್. ಅವರು ಕೇಳಿದ ಪ್ರಶ್ನೆ ಬೇರೆ. ಭಾಷೆ ಬಿಟ್ಟ ಜನ ಹೊಸ ಭಾಷೆಯೊಳಗೆ ಹಳೆಯದರ ಏನನ್ನು ಉಳಿಸಿಕೊಳ್ಳುತ್ತಾರೆ? ಯಾಕು ಮತ್ತು ಎಲ್ಮೊಲೊ ಎರಡನ್ನೂ ಇಟ್ಟುಕೊಂಡು 1992ರಲ್ಲಿ ಅವರು ಬರೆದರು.

ಉತ್ತರ ಕುತೂಹಲದ್ದು. ಯಾಕುಗಳು ಆಡುವ ಮಾ ಭಾಷೆ ಬೇರೆ ಮಸಾಯಿಗಳ ಮಾ ತರಹ ಪೂರ್ತಿ ಇಲ್ಲ. ಜೇನು ಸಾಕುವ ಕೆಲಸಕ್ಕೆ ಸಂಬಂಧಿಸಿದ ಯಾಕು ಶಬ್ದಗಳು ಅದರಲ್ಲಿ ಹಾಗೇ ಕೂತಿವೆ. ಯಾಕೆ ಅಂದರೆ ದನ ಬಂದ ಮೇಲೂ ಎಷ್ಟೋ ಮನೆಗಳು ಜೇನು ಬಿಡಲಿಲ್ಲ. ಈ ಕೆಲಸ ಮಸಾಯಿಗಳಿಂದ ಕಲಿತದ್ದಲ್ಲ, ಹಾಗಾಗಿ ಅದರ ಮಾತೂ ಅವರಿಂದ ಬರಬೇಕಾಗಿರಲಿಲ್ಲ. ದನದ ಹಟ್ಟಿಯಲ್ಲಿ ಯಾಕು ಸತ್ತಿತು, ಜೇನಿನ ಮರದ ಕೆಳಗೆ ಉಳಿಯಿತು. ಶಾಲೆ, ಪುಸ್ತಕ, ಸರ್ಕಾರ ಯಾವುದರ ಸಹಾಯವೂ ಇಲ್ಲದೆ, ಯಾರೂ ಹೋರಾಡದೆ, ಕೆಲಸ ನಡೆಯುತ್ತಿದ್ದ ಕಾರಣಕ್ಕೆ ಉಳಿಯಿತು.

ಇಲ್ಲಿಂದ ಎರಡನೇ ಕಥೆ ಶುರು. 2000ದ ದಶಕದಲ್ಲಿ ಯಾಕುಗಳೇ ಒಂದು ಸಂಘ ಕಟ್ಟಿಕೊಂಡರು. ಆ ಹೊತ್ತಿಗೆ ಕೀನ್ಯಾದಲ್ಲಿ ಗಾಳಿ ಬದಲಾಗುತ್ತಿತ್ತು. ಕಾಡಿನ ಸಣ್ಣ ಸಮುದಾಯಗಳು ತಮ್ಮ ಜಮೀನು, ತಮ್ಮ ಹೆಸರು ಕೇಳಲು ಶುರು ಮಾಡಿದ್ದವು. 2007ರಲ್ಲಿ ವಿಶ್ವಸಂಸ್ಥೆ ಮೂಲನಿವಾಸಿಗಳ ಹಕ್ಕುಗಳ ಘೋಷಣೆ ಹೊರಡಿಸಿತು. 2010ರ ಕೀನ್ಯಾ ಸಂವಿಧಾನದ 7ನೇ ವಿಧಿ ದೇಶೀ ಭಾಷೆಗಳನ್ನು ಬೆಳೆಸುವುದು ಸರ್ಕಾರದ ಕೆಲಸ ಅಂತ ಹೇಳಿತು. 2017ರಲ್ಲಿ ಆಫ್ರಿಕಾದ ಮಾನವ ಹಕ್ಕುಗಳ ನ್ಯಾಯಾಲಯ, ಕೀನ್ಯಾದ ಮಾವ್ ಅನ್ನುವ ಕಾಡಿನ ಒಗಿಯೆಕ್ ಜನರನ್ನು ಕಾಡಿನಿಂದ ಎಬ್ಬಿಸಿದ್ದು ತಪ್ಪು ಅಂತ ಕೀನ್ಯಾ ಸರ್ಕಾರದ ವಿರುದ್ಧ ತೀರ್ಪು ಕೊಟ್ಟಿತು. ಒಗಿಯೆಕ್‌ಗಳೂ ಜೇನಿನವರೇ, ಅವರನ್ನೂ ಡೊರೊಬೊ ಅಂತಲೇ ಕರೆಯುತ್ತಿದ್ದರು.

ಹಕ್ಕು ಕೇಳುವಾಗ ‘ನೀವು ಯಾರು?’ ಅನ್ನುವ ಪ್ರಶ್ನೆ ಬರುತ್ತೆ. ಮಸಾಯಿಗಳ ಹಾಗೆ ಉಡುತ್ತೀರಿ, ಅವರ ಮಾತು ಆಡುತ್ತೀರಿ, ಮತ್ತೆ ಬೇರೆ ಜನ ಹೇಗೆ ಅಂತ ಕೇಳಿದರೆ ಏನು ಹೇಳುವುದು? ಆಗ ಭಾಷೆ ಒಂದು ಸಾಕ್ಷಿ. ಕೆಲವರು ಇದನ್ನು ಕೇಳಿ ಹಾಗಾದರೆ ಇದು ಭಾಷೆಯ ಮೇಲಿನ ಪ್ರೀತಿ ಅಲ್ಲ, ಜಮೀನಿನ ಲೆಕ್ಕಾಚಾರ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಭಾಷೆ ಹೋದದ್ದೇ ಜಮೀನಿನ ಕಾರಣಕ್ಕೆ. ಅದು ವಾಪಸ್ ಬರುವಾಗಲೂ ಜಮೀನಿನ ಕೈ ಹಿಡಿದು ಬಂದರೆ ಅದರಲ್ಲಿ ಸಣ್ಣತನ ಏನಿದೆ?

ಯಾಕುಗಳ ಕರೆಯ ಮೇಲೆ 2005ರಲ್ಲಿ ನೆದರ್‌ಲೆಂಡ್ಸ್‌ನಿಂದ ಭಾಷಾಶಾಸ್ತ್ರಜ್ಞರಾದ ಮಾರ್ಟನ್ ಮೌಸ್ ಮತ್ತು ಹನ್ಸ್ ಸ್ಟೋಕ್ಸ್ ದೋಲ್‌ದೋಲ್‌ಗೆ ಬಂದರು. ಭಾಷೆಯನ್ನು ಮತ್ತೆ ಬದುಕಿಸುವಷ್ಟು ತಿಳಿವಳಿಕೆ ಜನರಲ್ಲಿ ಇನ್ನೂ ಉಳಿದಿದೆಯಾ ಅಂತ ನೋಡುವುದು ಕೆಲಸ. ನಿರರ್ಗಳವಾಗಿ ಮಾತಾಡುವವರು ಬೆರಳೆಣಿಕೆಯಷ್ಟು, ಅವರೆಲ್ಲ ತೀರಾ ವಯಸ್ಸಾದವರು. ಅಲ್ಲಲ್ಲಿ ಶಬ್ದಗಳು ಗೊತ್ತಿದ್ದವರು ಇನ್ನೂ ಸಿಕ್ಕರು. ವಿದ್ವಾಂಸರ ಅಭಿಪ್ರಾಯ ನೇರವಾಗಿತ್ತು: ಭಾಷೆಯನ್ನು ಇಡಿಯಾಗಿ ಮರಳಿ ತರುವುದು ಬಹಳ ಕಷ್ಟ, ಆದರೆ ಶಬ್ದಸಂಪತ್ತನ್ನು ಮತ್ತೆ ಬಳಕೆಗೆ ತರಬಹುದು.

ಶಬ್ದ ಮಾತ್ರ ತಂದರೆ ಭಾಷೆ ಆಗುತ್ತಾ ಅಂತ ನೀವು ಕೇಳಬಹುದು. ಇದಕ್ಕೆ ಉತ್ತರ ಪಕ್ಕದ ದೇಶದಲ್ಲೇ ಇದೆ. ತಾಂಜಾನಿಯಾದ ಉಸಂಬರ ಬೆಟ್ಟಗಳಲ್ಲಿ ಎಂಬುಗು ಅನ್ನುವ ಜನ ಇದ್ದಾರೆ. ಅವರ ಬಳಿ ಒಂದೇ ವ್ಯಾಕರಣಕ್ಕೆ ಎರಡು ಶಬ್ದಭಂಡಾರ ಇದೆ. ವ್ಯಾಕರಣ ಬಾಂಟು ಭಾಷೆಯದ್ದು, ಅಂದರೆ ಸ್ವಾಹಿಲಿಯೂ ಸೇರಿರುವ ಗುಂಪಿನದ್ದು. ಒಂದು ಭಂಡಾರದ ಶಬ್ದಗಳೂ ಬಾಂಟು. ಇನ್ನೊಂದನ್ನು ಮಅ ಅನ್ನುತ್ತಾರೆ (ಮಸಾಯಿಗಳ ಮಾ ಬೇರೆ), ಅದರಲ್ಲಿ ಬಹಳಷ್ಟು ಕುಶಿಟಿಕ್ ಶಬ್ದಗಳು. ಅವರ ಹಿರಿಯರು ಹಿಂದೆ ಕುಶಿಟಿಕ್ ಭಾಷೆ ಬಿಟ್ಟು ಬಾಂಟುವಿಗೆ ಬದಲಾದವರು. ಆದರೆ ನಾವು ಬೇರೆ ಅಂತ ತೋರಿಸಿಕೊಳ್ಳಲು ಹಳೆಯ ಶಬ್ದಗಳನ್ನು ಹೊಸ ವ್ಯಾಕರಣದೊಳಗೆ ಇಟ್ಟು ಆಡುತ್ತಾ ಬಂದರು. ಇದು ಇವತ್ತಿಗೂ ಜೀವಂತ. ಇದರ ಬಗ್ಗೆ ಇಡೀ ಪುಸ್ತಕ ಬರೆದವರು ಇದೇ ಮಾರ್ಟನ್ ಮೌಸ್. ಹಾಗಾಗಿ ಯಾಕುಗಳು ಮಾ ವ್ಯಾಕರಣದಲ್ಲಿ ಯಾಕು ಶಬ್ದ ಹಾಕಿ ಮಾತಾಡಿದರೂ ಅದು ಕಡಿಮೆ ದರ್ಜೆಯದ್ದಲ್ಲ.

ಕಲಿಸುವ ಕೆಲಸ ಈಗ ಊರಿನವರ ಕೈಯಲ್ಲೇ ಇದೆ. ಭಾಷೆ ಬಲ್ಲ ಒಬ್ಬ ಅಜ್ಜನಿಂದ ಕಲಿತ ಮೊಮ್ಮಗಳು, ಓದಿ ಶಿಕ್ಷಕಿಯಾದವಳು, ದೋಲ್‌ದೋಲ್ ಕಡೆಯ ಮಕ್ಕಳಿಗೆ ಯಾಕು ಹೇಳಿಕೊಡುತ್ತಿದ್ದಾಳೆ. ಮಧ್ಯದ ತಲೆಮಾರಿಗೆ ಬರದ ಭಾಷೆ ಅಜ್ಜನಿಂದ ನೇರವಾಗಿ ಮೊಮ್ಮಕ್ಕಳಿಗೆ ದಾಟುತ್ತಿದೆ. ಈ ರೀತಿ ದಾಟಿಸುವುದರಲ್ಲಿ ಒಂದು ತೊಂದರೆ ಇದೆ, ಮುಚ್ಚಿಡುವುದು ಬೇಡ. ಮಕ್ಕಳು ತರಗತಿಯಲ್ಲಿ ಪ್ರಾಣಿಗಳ ಹೆಸರು, ಎಣಿಕೆ, ನಮಸ್ಕಾರ, ಹಾಡು ಕಲಿತು ಮನೆಗೆ ಹೋಗುತ್ತಾರೆ. ಮನೆಯಲ್ಲಿ ಅಪ್ಪ ಅಮ್ಮ ಮಾ ಆಡುತ್ತಾರೆ. ಶಾಲೆಯಲ್ಲಿ ಸ್ವಾಹಿಲಿ ಮತ್ತು ಇಂಗ್ಲಿಷ್. ಕಲಿತ ಶಬ್ದವನ್ನು ಯಾರಿಗೆ ಹೇಳುವುದು? ಜಗಳ ಆಡೋಕೆ, ಹಟ ಮಾಡೋಕೆ, ಗುಟ್ಟು ಹೇಳೋಕೆ ಬಳಸಿದಾಗಲೇ ಭಾಷೆ ಮಗುವಿನದ್ದಾಗುವುದು.

ಇನ್ನೊಂದು ತೊಂದರೆ ಕೊನೆಯ ಹಿರಿಯರ ನೆನಪಿನದ್ದು. ಜೊತೆಗೆ ಮಾತಾಡುವವರು ಇಲ್ಲದೆ ಹತ್ತಾರು ವರ್ಷ ಕಳೆದವರಿಗೆ ತಮ್ಮದೇ ಭಾಷೆ ತಡವರಿಸುತ್ತೆ. ಮಾದ ಉಚ್ಚಾರಣೆ ಒಳಗೆ ನುಗ್ಗಿರುತ್ತೆ. ಒಬ್ಬರು ಒಂದು ರೂಪ ಹೇಳುತ್ತಾರೆ, ಇನ್ನೊಬ್ಬರು ಅದಲ್ಲ ಅನ್ನುತ್ತಾರೆ. ಹಳೆಯ ಟಿಪ್ಪಣಿಯಲ್ಲಿ ಮೂರನೆಯ ರೂಪ ಇರುತ್ತೆ. ಯಾವುದು ಸರಿ ಅಂತ ತೀರ್ಮಾನ ಮಾಡುವ ಅಧಿಕಾರ ಹೊರಗಿನ ವಿದ್ವಾಂಸರಿಗಲ್ಲ, ಆ ಜನರಿಗೇ ಇರಬೇಕು ಅಂತ ನನ್ನ ಅನಿಸಿಕೆ. ಸ್ವಲ್ಪ ಬೆರಕೆಯಾದರೂ ಪರವಾಗಿಲ್ಲ. ಶುದ್ಧತೆಯ ಹಟ ಹಿಡಿದರೆ ಮಕ್ಕಳು ಬಾಯಿ ತೆರೆಯುವುದಕ್ಕೇ ಹೆದರುತ್ತಾರೆ.

‘ಅಳಿದಿದೆ’ ಅನ್ನುವ ಹಣೆಪಟ್ಟಿಯ ಬಗ್ಗೆಯೂ ಒಂದು ಮಾತು. ಅದೇ ಯುನೆಸ್ಕೊ ಅಟ್ಲಾಸಿನಲ್ಲಿ ನಮ್ಮ ತುಳು, ಕೊಡವ, ಕೊರಗ ಭಾಷೆಗಳ ಹೆಸರೂ ಬೇರೆ ಬೇರೆ ಹಂತದ ಅಪಾಯದಲ್ಲಿವೆ ಅಂತ ಇದೆ. ಇಂಥ ಪಟ್ಟಿಗಳಿಂದ ಎಚ್ಚರಿಕೆ ಸಿಗುತ್ತೆ, ಅದು ಒಳ್ಳೆಯದು. ಆದರೆ ಬದುಕಿರುವ ಭಾಷೆಗೆ ಅಳಿದಿದೆ ಅಂತ ಬರೆದರೆ ಸುಮ್ನೆ ಹೆಸರು ಕೆಡುವುದಷ್ಟೇ ಅಲ್ಲ. ಇಲ್ಲದ ಭಾಷೆಗೆ ಪಾಠಪುಸ್ತಕ ಯಾಕೆ, ಹಣ ಯಾಕೆ ಅನ್ನಲು ಅಧಿಕಾರಿಗಳಿಗೆ ಒಂದು ಕಾಗದ ಸಿಕ್ಕ ಹಾಗಾಗುತ್ತೆ.

ಕಾಡಿನ ವಿಚಾರಕ್ಕೆ ವಾಪಸ್ ಬರುತ್ತೇನೆ, ಯಾಕೆಂದರೆ ನನ್ನ ಪ್ರಕಾರ ಭಾಷೆಯ ಭವಿಷ್ಯ ತರಗತಿಗಿಂತ ಅಲ್ಲೇ ಜಾಸ್ತಿ ಇದೆ. ಕೀನ್ಯಾ 2005ರಲ್ಲಿ ಹೊಸ ಅರಣ್ಯ ಕಾಯ್ದೆ ತಂದಿತು. ಅದರ ಅಡಿಯಲ್ಲಿ ಊರಿನವರು ಸಂಘ ಮಾಡಿಕೊಂಡು ಅರಣ್ಯ ಇಲಾಖೆಯ ಜೊತೆ ಕಾಡು ನೋಡಿಕೊಳ್ಳುವ ಅವಕಾಶ ಬಂತು, 2016ರಲ್ಲಿ ಅದರ ಜಾಗಕ್ಕೆ ಬಂದ ಕಾಯ್ದೆಯಲ್ಲೂ ಅದು ಉಳಿಯಿತು. ಮುಕೊಗೊಡೊ ಕಾಡಿಗೆ ಇಲ್ಮಾಮುಸಿ ಅನ್ನುವ ಸಂಘ ಇದೆ, ಸುತ್ತಲಿನ ನಾಲ್ಕು ಸಮುದಾಯಗಳ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ಆ ಹೆಸರು ಇಟ್ಟಿದ್ದಾರೆ. ಬರಗಾಲದಲ್ಲಿ ದನ ಎಲ್ಲಿಗೆ ಹೊಡೆಯಬೇಕು, ಮರ ಕಡಿಯುವವರನ್ನು ಹೇಗೆ ತಡೆಯಬೇಕು, ಜೇನುಗೂಡು ಎಲ್ಲಿ ಕಟ್ಟಬಹುದು ಅನ್ನುವುದೆಲ್ಲ ಇಂಥ ಸಂಘಗಳಲ್ಲಿ ತೀರ್ಮಾನ ಆಗುತ್ತೆ. ಹೂಬಿಡುವ ಮರ ಉಳಿದರೆ ಜೇನು, ಜೇನು ಉಳಿದರೆ ಜೇನಿನವರು, ಜೇನಿನವರ ಬಾಯಲ್ಲಿ ಆ ಶಬ್ದಗಳು. ನೂರು ವರ್ಷದಲ್ಲಿ ಯಾಕು ಭಾಷೆಯನ್ನು ನಿಜವಾಗಿ ಉಳಿಸಿದ್ದು ಈ ಒಂದೇ ಸರಪಳಿ.

ಹಾಗಾದರೆ ಯಾಕು ಮತ್ತೆ ಮನೆಮಾತಾಗುತ್ತಾ? ನನಗೆ ಅನಿಸುವುದು, ಹತ್ತಿರದಲ್ಲಂತೂ ಇಲ್ಲ. ಕ್ರಿಯಾಪದಗಳನ್ನು ಸಲೀಸಾಗಿ ತಿರುಗಿಸಿ ಮಾತಾಡುವ ಹಿರಿಯರು ಇನ್ನು ಹೆಚ್ಚು ದಿನ ಇರುವುದಿಲ್ಲ. ಅವರಿರುವಾಗಲೇ ಮುಖ್ಯವಾಗಿ ಬೇಕಾಗಿರುವುದು ಉದ್ದುದ್ದ ಸಂಭಾಷಣೆಗಳ ಧ್ವನಿಮುದ್ರಣ, ಬರೀ ಶಬ್ದಪಟ್ಟಿಯಲ್ಲ. ಇಬ್ಬರು ಹಿರಿಯರು ಕೂತು ಒಬ್ಬರ ತಪ್ಪನ್ನು ಒಬ್ಬರು ತಿದ್ದುತ್ತಾ ಒಂದು ಹಳೆಯ ಬೇಟೆಯ ಕಥೆ ಹೇಳಿದರೆ ಅದರಲ್ಲಿ ಸಿಗುವ ವ್ಯಾಕರಣ ನೂರು ಪ್ರಶ್ನಾವಳಿಯಲ್ಲಿ ಸಿಗಲ್ಲ. ಮಕ್ಕಳಿಗೆ ಸಾವಿರದಷ್ಟು ಶಬ್ದ ಬಂದು, ಮಾ ಮಾತಾಡುವಾಗಲೇ ಅವನ್ನು ನಾಚಿಕೆಯಿಲ್ಲದೆ ಬಳಸಿ, ಕಾಡಿನ ಮರ, ಹಕ್ಕಿ, ಗುಡ್ಡಗಳನ್ನು ಯಾಕು ಹೆಸರಿನಲ್ಲೇ ಕರೆಯುವ ಮಟ್ಟಿಗೆ ಬಂದರೆ ಅದು ದೊಡ್ಡ ಗೆಲುವು. ಅದು ಆಗುವ ಕೆಲಸ. ಅದಕ್ಕೆ ಬೇಕಾದದ್ದು ದಿಮ್ಮಿ ಕೊರೆಯುವುದನ್ನೂ ಹೊಗೆ ಹಾಕುವುದನ್ನೂ ಕಲಿಸುವ ಹಿರಿಯ ಜೇನುಗಾರರಿಗೆ, ಶಾಲೆಯ ಮೇಷ್ಟ್ರಿಗೆ ಕೊಡುವಂತೆ, ತಿಂಗಳ ಸಂಬಳ.